ಹೊರಕ್ಕೆ ತಿರುಗಿದ ಜೋಡು

ಆ ಜೋಡನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಮಾವ ನಕ್ಕುಬಿಟ್ಟರು.

"ಇದೇನಮ್ಮಾ ಇದು, ಬಾತುಕೋಳಿಗೆ ಮಾಡಿದ್ದಾ?"

ನಗು ಬರುವಂಥದ್ದೇ ಆಗಿತ್ತು. ಅಂಗೈಯಲ್ಲಿ ಹಿಡಿಸುವಂಥ ಎರಡು ಬಿಳಿ ಬೂಟು, ನಡುವೆ ಗೇಣುದ್ದದ ಕಬ್ಬಿಣದ ಸರಳು. ಬೂಟುಗಳನ್ನು ಸರಳಿನ ಎರಡು ತುದಿಗೆ ಸ್ಕ್ರೂ ಹಾಕಿ ಬಿಗಿದಿದ್ದರು. ಬಿಗಿದದ್ದಾದರೂ ನೆಟ್ಟಗೋ? ಬಲಗಾಲಿನದು ಕೊಂಚ ಹೊರಕ್ಕೆ, ಎಡಗಾಲಿನದು ಪೂರ್ತಿ ಹೊರಕ್ಕೆ. ಒಂದು ಬಾಗಿಲು ನೋಡಿದರೆ ಇನ್ನೊಂದು ಕಿಟಕಿ ನೋಡುತ್ತಿತ್ತು. ಮುಂಬಾಗಿಲ ಕೋಣೆಯನ್ನೇ ಅಂಗಡಿ ಮಾಡಿಕೊಂಡು, ಊರಿನ ಅರ್ಧ ಜನರ ಕಾಲಿಗೆ ಜೋಡು ಹೊಲಿದು ತಲೆ ನೆರೆತ ಮನುಷ್ಯ ಇಂಥದ್ದನ್ನು ಕನಸಿನಲ್ಲೂ ಕಂಡಿರಲಿಲ್ಲ.

"ಕೂಸಿನ ಕಾಲಿಗೆ ಹಾಗೇ ಇರ್ಬೇಕಂತೆ ಮಾವ," ಅಂದಳು ಸೊಸೆ. "ಪಟ್ಟಿಯಮ್ಮ ಹೇಳಿದ್ದನ್ನೇ ಹೇಳಿ ಹೇಳಿ ಕಳಿಸಿದ್ದಾರೆ. ಮೂರು ತಿಂಗಳು ಹಗಲೂ ರಾತ್ರಿ ಹಾಕಿರಬೇಕು, ಸ್ನಾನಕ್ಕೆ ಮಾತ್ರ ಬಿಚ್ಚಬೇಕು. ಆಮೇಲೆ ಮಲಗುವಾಗ ಮಾತ್ರ, ದೊಡ್ಡವಳಾಗೋ ತನಕ."

"ಯಾರು ದೊಡ್ಡವಳಾಗೋ ತನಕ? ಅವಳೋ, ನೀನೋ?" ಅಂದರು ಅತ್ತೆ ಒಲೆಯ ಮುಂದಿನಿಂದ. ಅತ್ತೆಗೆ ಇಂಥ ಮಾತು ಉಸಿರಾಡಿದಷ್ಟೇ ಸಲೀಸು.

ಪಟ್ಟಿಯಮ್ಮ ಅಂದರೆ ಬಿಳಿ ವ್ಯಾನಿನಲ್ಲಿ ಬರುವ ಹೆಂಗಸು. ಯಾರೋ ದಾನಿಗಳು ಕೊಟ್ಟ ದುಡ್ಡಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ಮಕ್ಕಳ ಸೊಟ್ಟ ಕಾಲು ನೆಟ್ಟಗೆ ಮಾಡುವ ತಂಡ ಅದು. ಅದರಲ್ಲಿ ಒಬ್ಬ ಡಾಕ್ಟರು, ಒಬ್ಬ ಡ್ರೈವರು, ಮತ್ತು ಮೊಣಕೈವರೆಗೆ ಸುಣ್ಣ ಮೆತ್ತಿಕೊಂಡ ಈ ಹೆಂಗಸು. ಡಾಕ್ಟರು ಆಗೊಮ್ಮೆ ಈಗೊಮ್ಮೆ ಮುಖ ತೋರಿಸುವವರು, ದುಡಿಮೆಯೆಲ್ಲ ಇವಳದು. ಶಾಲೆಯ ಜಗಲಿಯಲ್ಲಿ ಬೆಂಚು ಹಾಕಿಕೊಂಡು, ಒಂದು ಕೂಸಿನ ಕಾಲು ಹಿಡಿದರೆ ಹಿಟ್ಟು ನಾದಿದಷ್ಟು ಸಮಾಧಾನವಾಗಿ ತಿರುಗಿಸಿ, ಒದ್ದೆ ಪಟ್ಟಿ ಸುತ್ತಿ, ಅದು ಕಲ್ಲಾಗುವ ತನಕ ಬಿಡುತ್ತಿರಲಿಲ್ಲ. ಹೆಸರು ಕೇಳುವ ಗೋಜಿಗೆ ಹೋಗದೆ ಊರು ಅವಳನ್ನು ಪಟ್ಟಿಯಮ್ಮ ಅಂದಿತು. ಅವಳೂ ಓಗೊಟ್ಟಳು.

ಈ ಮನೆಯ ಕೂಸು ಹುಟ್ಟಿದಾಗ ಎಡಪಾದ ಒಳಕ್ಕೆ ಮಡಿಚಿಕೊಂಡಿತ್ತು. ಅಂಗಾಲು ಮೇಲೆ ನೋಡುತ್ತಿತ್ತು. ಕೂಸು ಸಣ್ಣದು, ದನಿ ಮಾತ್ರ ಖಾರ. ಅದಕ್ಕೆ ಅಜ್ಜ ಇಟ್ಟ ಹೆಸರು ಮೆಣಸು. ವಾರಕ್ಕೊಮ್ಮೆ ಮೆಣಸನ್ನು ಸೊಂಟಕ್ಕೆ ಹಾಕಿಕೊಂಡು ಸೊಸೆ ಶಾಲೆಯ ಜಗಲಿಗೆ ಹೋಗಿ ಬರುತ್ತಿದ್ದಳು. ಪ್ರತಿ ಸಲವೂ ಹಳೆಯ ಪಟ್ಟಿ ಬಿಚ್ಚಿ, ಪಾದವನ್ನು ಇನ್ನಷ್ಟು ಹೊರಕ್ಕೆ ತಂದು, ಹೊಸ ಪಟ್ಟಿ. ಪಕ್ಕದ ಮನೆಯವಳು ಬೇಲಿಯ ಮೇಲೆ ಗದ್ದ ಊರಿ, "ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ" ಅಂದದ್ದು ಸೊಸೆಯ ಕಿವಿಗೂ ಬಿತ್ತು. ಅವಳು ಮನೆಗೆ ಬಂದು ಪಾತ್ರೆಗಳನ್ನು ಕೊಂಚ ಜೋರಾಗಿ ತೊಳೆದಳು.

ಕೊನೆಗೆ ಡಾಕ್ಟರು ಬಂದು ಬಿಗಿದುಕೊಂಡಿದ್ದ ಹಿಮ್ಮಡಿಯ ನರವನ್ನು ಸಣ್ಣದಾಗಿ ಕೊಯ್ದು ಸಡಿಲಿಸಿ ಕೊನೆಯ ಪಟ್ಟಿ ಕಟ್ಟಿದರು. ಅದನ್ನು ಬಿಚ್ಚಿದ ದಿನ ಪಾದ ಪಾದದ ಹಾಗಿತ್ತು. ಬಲಗಾಲಿಗೂ ಎಡಗಾಲಿಗೂ ವ್ಯತ್ಯಾಸ ಹೇಳಬೇಕಾದರೆ ಹತ್ತಿರ ಬಗ್ಗಿ ನೋಡಬೇಕಿತ್ತು.

ಮಾವ ಬಗ್ಗಿ ನೋಡಿದರು. ಬಾತುಕೋಳಿಯ ನಗು ಅಲ್ಲಿಗೆ ನಿಂತಿತು. ಅಂಗಡಿಯ ಗೋಡೆಯಲ್ಲಿ ಮನೆಯವರೆಲ್ಲರ ಪಾದದ ಅಳತೆ ಮೊಳೆಗೆ ನೇತುಬಿದ್ದಿತ್ತು, ಒಬ್ಬೊಬ್ಬರದು ಒಂದೊಂದು ರಟ್ಟಿನಲ್ಲಿ: ಹೆಂಡತಿಯದು, ಮಗನದು, ಮದುವೆಯಾಗಿ ಬಂದ ವಾರದಲ್ಲೇ ಬರೆದುಕೊಂಡ ಸೊಸೆಯದು. ಕೂಸಿನದು ಮಾತ್ರ ಇರಲಿಲ್ಲ. ಯಾಕೆ ಬರೆದಿಲ್ಲ ಅಂತ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಈಗ ಹೊಸ ರಟ್ಟು ಕತ್ತರಿಸಿ ತಂದು ನೆಲಕ್ಕಿಟ್ಟು, "ಹಿಡ್ಕೋ ಅವಳನ್ನ" ಅಂದರು. ಸೊಸೆ ಕೂಸಿನ ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದಳು. ಪೆನ್ಸಿಲು ಹಿಮ್ಮಡಿಯಿಂದ ಹೊರಟು, ಕಿರುಬೆರಳು ದಾಟಿ, ಹೆಬ್ಬೆರಳು ಬಳಸಿ, ಹೊರಟಲ್ಲಿಗೇ ಬಂತು. ಎಡಗಾಲಿನ ಗೆರೆ ಎಳೆಯುವಾಗ ಮಾವನ ಕಣ್ಣಲ್ಲಿ ನೀರು ತುಂಬಿತ್ತು. ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಕೊಳ್ಳಲೂ ಇಲ್ಲ.

"ನೆಟ್ಟಗಿದೆ," ಅಂದರು. "ನನ್ನ ಮೆಣಸಿನ ಕಾಲು ನೆಟ್ಟಗಿದೆ."

ರಟ್ಟು ಮೊಳೆ ಏರಿತು. ಸರಳಿನ ಜೋಡು ಕೂಸಿನ ಕಾಲೇರಿತು. ಮನೆಯವರ ನಿದ್ದೆ ಅಲ್ಲಿಗೆ ಮುಗಿಯಿತು.

ಮೆಣಸು ಅತ್ತದ್ದು ಹೀಗಲ್ಲ ಹಾಗಲ್ಲ. ಎರಡು ಕಾಲೂ ಒಂದೇ ಸರಳಿಗೆ ಸಿಕ್ಕಿಕೊಂಡು, ಒಂದನ್ನು ಎತ್ತಿದರೆ ಇನ್ನೊಂದೂ ಏಳುತ್ತಿತ್ತು. ಕೂಸು ಸರಳನ್ನು ನೆಲಕ್ಕೆ ಬಡಿದು ಬಡಿದು ಅಳುತ್ತಿತ್ತು. ಮೂರನೆಯ ದಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಕೂಸಿನ ಅಪ್ಪ ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವನು. ನಿದ್ದೆಗಣ್ಣಲ್ಲಿ ಹಲಗೆ ದೂಡಿ ಒಮ್ಮೆ ಬೈಸಿಕೊಂಡು ಬಂದ. ಸೊಸೆಯ ಕೆಲಸ ಕೋಳಿ ಫಾರಂನಲ್ಲಿ. ಕತ್ತಲೆ ಕೋಣೆಯಲ್ಲಿ ಒಂದು ಬಲ್ಬಿನ ಮುಂದೆ ಕೂತು ಒಂದೊಂದೇ ಮೊಟ್ಟೆಯನ್ನು ಬೆಳಕಿಗೆ ಹಿಡಿದು, ಬಿರುಕಿದ್ದನ್ನು ಬೇರೆ ಮಾಡಬೇಕು. ಅಲ್ಲಿ ಕಣ್ಣು ಮುಚ್ಚಿತೋ, ಒಡಕು ಮೊಟ್ಟೆ ಒಳ್ಳೆಯದರ ಜೊತೆ ಸೇರಿ ಹೋಗುತ್ತದೆ. ಅವಳು ಹೋದಾಗ ಕೂಸು ಅತ್ತೆಯ ಪಾಲಿಗೆ.

"ಏನು ಕೊಲೆಗಾರರಮ್ಮಾ ಈ ವ್ಯಾನಿನವರು," ಅಂದರು ಅತ್ತೆ ಒಂದು ಸಂಜೆ, ತಟ್ಟೆಗೆ ಅನ್ನ ಬಡಿಸುತ್ತ. ಫಾರಂನಿಂದ ತಂದ ಒಡಕು ಮೊಟ್ಟೆಯ ಪಲ್ಯವೇ ಆ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ. "ಪುಕ್ಕಟೆ ಕೊಡೋರು ಇಂಥದ್ದನ್ನೇ ಕೊಡೋದು. ಕೂಸು ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿದೆ, ನೋಡೋರಿಲ್ಲ."

"ಅಭ್ಯಾಸ ಆಗುತ್ತೆ ಅತ್ತೆ. ಮೊದಮೊದಲು ಎಲ್ಲಾ ಮಕ್ಕಳೂ ಅಳ್ತವಂತೆ."

"ಅಂತೆ! ಅಂತೆ ಕಂತೆ. ಮಧ್ಯಾಹ್ನ ಹೊತ್ತುಕೊಂಡು ತಿರುಗೋಳು ಪಟ್ಟಿಯಮ್ಮನೋ, ನಾನೋ?"

"ಅಮ್ಮಾ, ಊಟ ಮಾಡೋಕೆ ಬಿಡು," ಅಂದ ಮಗ.

ಮಾವ ಉಂಡು ಎದ್ದರು. ಕೈ ತೊಳೆದು ಬಂದವರು ಕೂಸಿನ ಪಕ್ಕ ಕೂತು ಬೊಬ್ಬೆ ನೋಡಿದರು, ಬೂಟಿನ ಒಳಗೆ ಬೆರಳಾಡಿಸಿದರು, ಸರಳನ್ನು ಅತ್ತ ಇತ್ತ ಅಲುಗಿಸಿದರು. ಜೋಡು ಕಚ್ಚಿದ ಕಾಲನ್ನು ಅವರು ಜನ್ಮದಲ್ಲಿ ಎಷ್ಟು ನೋಡಿಲ್ಲ!

"ಜೋಡು ಯಾಕೆ ಕಚ್ಚುತ್ತೆ ಹೇಳು?"

"ಹೊಸದಕ್ಕೆ," ಅಂದಳು ಸೊಸೆ.

"ಅಲ್ಲ. ಕಾಲು ಒಂದು ಕಡೆ, ಜೋಡು ಒಂದು ಕಡೆ ಹೋದಾಗ ಕಚ್ಚುತ್ತೆ. ಪಾದ ಮುಂದಕ್ಕೆ ನೋಡ್ಬೇಕು. ದೇವರು ಮನುಷ್ಯನನ್ನ ಮುಂದಕ್ಕೆ ನಡೆಯೋಕೆ ಮಾಡಿದ್ದಾನೆ, ಪಕ್ಕಕ್ಕಲ್ಲ. ಕಾಲು ನೆಟ್ಟಗಾಯ್ತು ಅಂತ ನಿನ್ನೆದುರೇ ಗೆರೆ ಬರೆದೆ. ನೆಟ್ಟಗಿರೋ ಕಾಲಿಗೆ ಸೊಟ್ಟ ಜೋಡು ಯಾಕಮ್ಮಾ?"

"ಅವರು ಹಾಗೇ ಬಿಗಿದು ಕೊಟ್ಟಿದ್ದಾರೆ ಮಾವ. ಮುಟ್ಬೇಡಿ ಅಂದಿದ್ದಾರೆ."

"ಕಾಲಿನ ವಿಷಯ ಅವರಿಗೆ ಗೊತ್ತು, ಒಪ್ಪಿದೆ. ಜೋಡಿನ ವಿಷಯ ನನಗೆ ಯಾರಮ್ಮಾ ಹೇಳಿಕೊಡ್ಬೇಕು? ಅವಸರದಲ್ಲಿ ತಿರುವುಮುರುವು ಹಾಕಿರ್ತಾರೆ. ದಿನಕ್ಕೆ ಎಷ್ಟು ಮಕ್ಕಳನ್ನ ನೋಡ್ತಾರೆ, ಪಾಪ."

ಮಾತಿನಲ್ಲಿ ಅಹಂಕಾರವಿರಲಿಲ್ಲ. ಇದ್ದಿದ್ದರೆ ಸೊಸೆ ವಿರೋಧಿಸುತ್ತಿದ್ದಳೇನೋ. ಅಲ್ಲಿದ್ದದ್ದು ಬರೀ ಕಾಳಜಿ, ಅದರ ಮೇಲೆ ಕಸುಬಿನ ಭರವಸೆ. ಅವರು ಅಂಗಡಿಯಿಂದ ಮರದ ಹಿಡಿಯ ಸ್ಕ್ರೂಡ್ರೈವರು ತಂದರು. ಚೀಲದ ಹಿಡಿ, ಪೆಟ್ಟಿಗೆಯ ಬೀಗ ರಿಪೇರಿಗೆ ಇಟ್ಟುಕೊಂಡದ್ದು. ಕೂಸು ಒದೆಯುತ್ತಿತ್ತು.

"ಕಾಲು ಹಿಡ್ಕೋ," ಅಂದರು.

ಅವಳು ಗಂಡನ ಮುಖ ನೋಡಿದಳು. ಗಂಡ ಕೂತಲ್ಲೇ ತೂಕಡಿಸುತ್ತಿದ್ದ. ಅವಳಿಗೂ ಕಣ್ಣೆವೆ ಭಾರ. ಮುಟ್ಟಬೇಡಿ ಅಂದ ಪಟ್ಟಿಯಮ್ಮನ ಮಾತು ನೆನಪಿತ್ತು, ಚೆನ್ನಾಗಿಯೇ ನೆನಪಿತ್ತು. ಅವಳು ಕಾಲು ಹಿಡಿದುಕೊಂಡಳು.

ಮಾವ ಸ್ಕ್ರೂ ಸಡಿಲಿಸಿ ಎರಡು ಬೂಟುಗಳನ್ನೂ ಮೂತಿ ಮುಂದೆ ಮಾಡಿ ನಿಲ್ಲಿಸಿದರು, ನೂಲು ಹಿಡಿದು ನೋಡಿ ಬಿಗಿದರು. ಮರುದಿನ ಬೂಟಿನ ಒಳಗೆ ಮೆತ್ತನೆಯ ಕುರಿದೊಗಲಿನ ಪಟ್ಟಿ ಹೊಲಿದು ಕೂರಿಸಿದರು. ಅಷ್ಟು ನಾಜೂಕಿನ ಹೊಲಿಗೆ ಊರಿನ ಸಾಹುಕಾರನ ಬೂಟಿಗೂ ಬಿದ್ದಿರಲಿಲ್ಲ.

ಮೆಣಸು ಮಲಗಿತು. ಮನೆಯೂ ಮಲಗಿತು.

ಆ ಮೇಲಿನ ವಾರಗಳು ಆ ಮನೆಯಲ್ಲಿ ಒಳ್ಳೆಯ ವಾರಗಳು. ಮಗ ಮಿಲ್ಲಿನಲ್ಲಿ ಬೈಸಿಕೊಳ್ಳುವುದು ತಪ್ಪಿತು. ಅತ್ತೆಯ ನಾಲಿಗೆಗೂ ಸ್ವಲ್ಪ ಬಿಡುವು ಸಿಕ್ಕಿತು. ಸಂಜೆ ಕೂಸನ್ನು ಬೇಲಿಯ ಬಳಿ ಒಯ್ದು ಪಕ್ಕದ ಮನೆಯವಳಿಗೆ ತೋರಿಸುವಷ್ಟು ಖುಷಿ. "ಡಾಕ್ಟರು ಅರ್ಧ ಮಾಡಿದ್ದನ್ನ ನಮ್ಮೋರು ಪೂರ್ತಿ ಮಾಡಿದ್ರು ಕಣೇ," ಅನ್ನುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು. ಇಲ್ಲಿ ಹೆಗ್ಗಣವೂ ಮುದ್ದಾಗಿಯೇ ಇತ್ತು. ಗುಂಡುಗುಂಡಗಾಗಿ, ಹೊಟ್ಟೆಯ ಮೇಲೆ ಹೊರಳಿ, ಅಂಬೆಗಾಲಿಗೆ ಹವಣಿಸುತ್ತಿತ್ತು. ವ್ಯಾನು ಬೇರೆ ಹಳ್ಳಿಗಳ ಕಡೆ ಹೋಗಿತ್ತು. ತಿಂಗಳು ಕಳೆದು ಮತ್ತೆ ಬರುವುದಾಗಿ ಹೇಳಿದ್ದರು.

ಒಂದು ಬೆಳಗ್ಗೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಸ್ನಾನ ಮಾಡಿಸುವಾಗ ಸೊಸೆಯ ಕೈ ನಿಂತಿತು. ಎಡಗಾಲಿನ ಹೆಬ್ಬೆರಳು ಕೊಂಚ ಒಳಕ್ಕೆ ನೋಡುತ್ತಿತ್ತು. ಮೊಟ್ಟೆಯ ಬಿರುಕು ಹೀಗೇ. ಸುಮ್ಮನೆ ನೋಡಿದರೆ ಕಾಣುವುದಿಲ್ಲ, ಬಲ್ಬಿನ ಮುಂದೆ ಒಂದು ಕೂದಲೆಳೆ. ಅವಳು ಪಾದವನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಹೊರಕ್ಕೆ ತಂದಳು. ಬಂತು. ಕೈ ಬಿಟ್ಟಳು. ಪಾದ ತನ್ನ ಪಾಡಿಗೆ ತಾನು ಒಳಕ್ಕೆ ಹೋಯಿತು.

ಮೊದಲು ಗಂಡನಿಗೆ ಹೇಳಿದಳು. "ರೀ, ಮಗು ಕಾಲು ಮತ್ತೆ ಒಳಕ್ಕೆ ಬರ್ತಿದೆ."

ಅವನು ಬಗ್ಗಿ ನೋಡಿದ. "ಎಲ್ಲಿ? ಚೆನ್ನಾಗೇ ಇದೆಯಲ್ಲ."

"ಹಿಮ್ಮಡಿ ನೋಡಿ. ಮೇಲಕ್ಕೆ ಎತ್ತಿಕೊಂಡಿದೆ. ಬೂಟಿನಲ್ಲಿ ಕೂರ್ತಾನೇ ಇಲ್ಲ."

"ನಿನಗೆ ಇಡೀ ದಿನ ಬಿರುಕು ಹುಡುಕಿ ಹುಡುಕಿ ಮನೇಲೂ ಅದೇ ಕಾಣುತ್ತೆ," ಅಂದು ಅವನು ಮಿಲ್ಲಿಗೆ ಹೋದ.

ಎರಡು ದಿನ ಅವಳು ಬಾಯಿ ಕಟ್ಟಿಕೊಂಡಿದ್ದಳು. ಮೂರನೆಯ ದಿನ ಊಟದ ಹೊತ್ತಿಗೆ ತಡೆಯಲಾಗಲಿಲ್ಲ. "ಮಾವ, ಜೋಡನ್ನ ಮೊದಲಿನ ಹಾಗೆ ತಿರುಗಿಸಿ ಬಿಡಿ."

ಮಾವನ ಕೈ ತಟ್ಟೆಯಲ್ಲೇ ನಿಂತಿತು. "ಯಾಕೆ?"

"ಕಾಲು ತಿರುಗ್ತಿದೆ."

"ಶುರುವಾಯ್ತು," ಅಂದರು ಅತ್ತೆ. "ಮನೆ ನಾಲ್ಕು ದಿನ ತಣ್ಣಗಿದ್ರೆ ಇವಳಿಗೆ ಆಗಲ್ಲ. ಇವರು ಕೈಯಾರೆ ಹೊಲಿದು ಕೊಟ್ಟಿದ್ದಾರೆ, ಕೂಸು ನಿದ್ದೆ ಮಾಡ್ತಿದೆ, ಮೈ ಕೈ ತುಂಬಿಕೊಂಡಿದೆ. ಇನ್ನೇನು ಬೇಕು?"

"ನಿದ್ದೆ ಬರೋಕೆ ಅಂತ ಕೊಟ್ಟ ಜೋಡಲ್ಲ ಅದು ಅತ್ತೆ."

"ಓಹೋ! ನಿದ್ದೆ ಬೇಕು ಅಂತ ಕಾಲು ಹಿಡಿದು ಕೊಟ್ಟೋಳು ಯಾರು?"

ಗಂಡ ತಟ್ಟೆ ಸರಿಸಿದ. "ಅಪ್ಪನ ಕೈಕೆಲಸದಲ್ಲಿ ತಪ್ಪು ಹುಡುಕೋ ಅಷ್ಟು ದೊಡ್ಡೋಳಾದ್ಯಾ?"

"ನಾನು ಕೆಲಸ ನೋಡ್ತಿಲ್ಲ ರೀ, ಕಾಲು ನೋಡ್ತಿದ್ದೀನಿ."

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಹಾಗೆ. ಯಾರೂ ಒದೆಯಲಿಲ್ಲ, ಆದರೆ ಅವತ್ತು ಯಾರೂ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಮಾವ ಎದ್ದು ಹೋಗುವಾಗ ಇಷ್ಟೇ ಅಂದರು: "ನನ್ನ ಕೈಯಿಂದ ಹೋದ ಜೋಡು ಇವತ್ತಿನ ತನಕ ಒಂದೂ ವಾಪಸ್ ಬಂದಿಲ್ಲಮ್ಮಾ."

ಮರುದಿನ ಅವಳು ಫಾರಂಗೆ ಹೋಗಲಿಲ್ಲ. ಕೂಸಿನ ಜೋಡು ಬಿಚ್ಚಿ, ಬರಿಗಾಲಲ್ಲಿ ಎತ್ತಿಕೊಂಡು ಅಂಗಡಿಯ ಕೋಣೆಗೆ ಬಂದಳು. ಮಾವ ಒಂದು ಹರಿದ ಚಪ್ಪಲಿಯ ಅಟ್ಟೆಗೆ ಅಂಟು ಸವರುತ್ತಿದ್ದರು. ಅವಳು ಗೋಡೆಯಿಂದ ಕೂಸಿನ ರಟ್ಟು ಇಳಿಸಿ ನೆಲಕ್ಕಿಟ್ಟಳು. ಅದರ ಮೇಲೆ ಕೂಸನ್ನು ನಿಲ್ಲಿಸಿದಳು.

ಬಲಪಾದ ಗೆರೆಯ ಸುತ್ತ ಸಮನಾಗಿ ಕೊಂಚ ದಾಟಿ ನಿಂತಿತು. ಎಡಪಾದದ ಹೊರಬದಿ ಮಾತ್ರ ನೆಲಕ್ಕೆ ತಾಗಿತು. ಬೆರಳುಗಳು ಗೆರೆ ದಾಟಿ ಒಳಕ್ಕೆ ಬಂದಿದ್ದವು, ಹಿಮ್ಮಡಿ ರಟ್ಟು ಮುಟ್ಟಲೇ ಇಲ್ಲ.

"ಬೆಳೆದಿದ್ದಾಳೆ," ಅಂದರು ಮಾವ.

"ಬೆಳೆದ್ರೆ ಉದ್ದಕ್ಕೆ ಬೆಳೀಬೇಕು ಮಾವ. ಒಳಕ್ಕಲ್ಲ."

ಮಾವ ಅಂಟಿನ ಡಬ್ಬಿ ಪಕ್ಕಕ್ಕಿಟ್ಟು, ಮೊಣಕಾಲೂರಿ, ಎರಡು ಬೆರಳಲ್ಲಿ ಆ ಪಾದವನ್ನು ಗೆರೆಯೊಳಗೆ ಕೂರಿಸಲು ನೋಡಿದರು. ಹಿಡಿದಿರುವಷ್ಟು ಹೊತ್ತು ಕೂತಿತು. ಬಿಟ್ಟಾಗ ಹೊರಟುಹೋಯಿತು. ಮತ್ತೆ ಹಿಡಿದರು, ಮತ್ತೆ ಬಿಟ್ಟರು. ಕೂಸಿಗೆ ಇದೊಂದು ಆಟವೆನಿಸಿ ಕಿಲಕಿಲ ನಕ್ಕಿತು. ಊರಿನವರ ಮಾತನ್ನಾಗಲಿ ಮನೆಯವರ ಮಾತನ್ನಾಗಲಿ ಮಾವ ಹಗುರಾಗಿ ತಳ್ಳಿಹಾಕಬಲ್ಲರು. ತಾವೇ ಎಳೆದ ಗೆರೆಯನ್ನು ತಳ್ಳಿಹಾಕುವ ಅಭ್ಯಾಸ ಅವರಿಗಿರಲಿಲ್ಲ.

"ವ್ಯಾನು ಯಾವತ್ತು ಬರುತ್ತೆ?" ಅಂದರು ಕೊನೆಗೆ.

ಅವತ್ತೇ ಸಂಜೆ ಬೂಟುಗಳನ್ನು ಮೊದಲಿದ್ದ ಹಾಗೆ ಹೊರಕ್ಕೆ ತಿರುಗಿಸಿ ತೊಡಿಸಲು ನೋಡಿದರು. ಆದರೆ ಈಗ ಪಾದ ಬಗ್ಗಲೊಲ್ಲದು. ಹಿಮ್ಮಡಿ ಬೂಟಿನಿಂದ ಜಾರಿ ಜಾರಿ ಮೇಲೆ ಬಂತು. ಕೂಸು ಕಿರುಚಿಕೊಂಡಿತು. ಅತ್ತೆ ಒಲೆ ಬಿಟ್ಟು ಬಂದು ನಿಂತರು. ಬಾಯಿ ತೆರೆದರು, ಗಂಡನ ಮುಖ ನೋಡಿ ಮುಚ್ಚಿಕೊಂಡರು. ಆ ಮನೆಯಲ್ಲಿ ಅದೊಂದು ಅಪರೂಪ.

ವ್ಯಾನು ಬಂದ ದಿನ ಮನೆಗೆ ಮನೆಯೇ ಶಾಲೆಯ ಜಗಲಿಗೆ ಹೋಯಿತು. ಮಗ ಮಿಲ್ಲಿಗೆ ರಜೆ ಹಾಕಿದ. ಮಾವ ಜೋಡನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಎಲ್ಲರಿಗಿಂತ ನಾಲ್ಕು ಹೆಜ್ಜೆ ಹಿಂದೆ ನಡೆದರು. ಬೆಂಚಿನ ಮೇಲೆ ಬೇರೆ ಬೇರೆ ಹಳ್ಳಿಯ ಕೂಸುಗಳು, ಅವುಗಳ ತಾಯಂದಿರು, ಸುಣ್ಣದ ವಾಸನೆ, ಬಕೆಟ್ಟುಗಳಲ್ಲಿ ಬೆಚ್ಚನೆಯ ನೀರು.

ಪಟ್ಟಿಯಮ್ಮ ಕೂಸಿನ ಕಾಲು ಕೈಗೆತ್ತಿಕೊಂಡಳು. ಅವಳ ಮುಖದಲ್ಲಿದ್ದ ನಗು ಹಾಗೇ ಇತ್ತು, ಕಣ್ಣಿನದು ಮಾತ್ರ ಹೋಯಿತು.

"ಜೋಡು ಹಾಕ್ತಿರಲಿಲ್ವಾ?"

"ಕಾಲಿಗೆ ಹಿಡಿಸೋ ತನಕ ಒಂದು ದಿನಾನೂ ತಪ್ಪಿಸಿಲ್ಲ," ಅಂದಳು ಸೊಸೆ.

"ಎಲ್ಲಿ, ತೋರಿಸಿ."

ಮಾವ ಟವೆಲ್ಲು ಬಿಚ್ಚಿದರು. ಪಟ್ಟಿಯಮ್ಮ ಜೋಡನ್ನು ತಿರುವಿ ಮುರುವಿ ನೋಡಿದಳು. ಒಳಗಿನ ಕುರಿದೊಗಲನ್ನು ಬೆರಳಲ್ಲಿ ಸವರಿದಳು. ಸ್ಕ್ರೂವಿನ ತಲೆಯ ಮೇಲೆ ಹೊಸ ಗೀರುಗಳಿದ್ದವು.

"ಇದನ್ನ ಯಾರು ಬಿಚ್ಚಿದ್ದು?"

"ಕೂಸು ಒದ್ದು ಒದ್ದು ಸಡಿಲ ಆಗಿತ್ತಮ್ಮಾ," ಅಂದರು ಅತ್ತೆ ಥಟ್ಟನೆ. "ಹುಡುಗಾಟದ ಕೂಸು, ಕಾಲು ನಿಲ್ಲಲ್ಲ."

"ನಾನು," ಅಂದರು ಮಾವ ಹಿಂದಿನಿಂದ. "ನಾನು ತಿರುಗಿಸಿದೆ. ಮುಂದಕ್ಕೆ ಮಾಡಿದೆ."

"ನಾನು ಕಾಲು ಹಿಡ್ಕೊಂಡಿದ್ದೆ," ಅಂದಳು ಸೊಸೆ.

ಪಟ್ಟಿಯಮ್ಮ ಬೈಯುತ್ತಾಳೆ ಅಂತ ನಾಲ್ವರೂ ಕಾದರು. ಅವಳು ಬೈಯಲಿಲ್ಲ. ಇಂಥವು ಎಷ್ಟೋ ನೋಡಿದ್ದೇನೆ ಅಂದಳು. ಒಂದು ಮನೆಯಲ್ಲಿ ಆ ಸರಳಿಗೆ ಬಟ್ಟೆ ಒಣಹಾಕಿದ್ದರಂತೆ, ಇನ್ನೊಂದು ಮನೆಯಲ್ಲಿ ಬೂಟು ಎಡಬಲ ಅದಲುಬದಲು ಮಾಡಿ ತೊಡಿಸಿದ್ದರಂತೆ. ನೀವಾದರೂ ದಿನವೂ ಹಾಕಿದ್ದೀರಿ ಅಂದಳು. ಅದು ಸಮಾಧಾನದ ಮಾತು; ಯಾರಿಗೂ ಸಮಾಧಾನ ಆಗಲಿಲ್ಲ.

"ಅಜ್ಜಾ, ಕಾಲು ನೆಟ್ಟಗಾಗಿದೆ ಅಂತ ನೀವು ಅಂದ್ಕೊಂಡ್ರಿ. ಅದು ನೆಟ್ಟಗೆ ಕೂತಿತ್ತು ಅಷ್ಟೇ. ಒಳಗಿನ ನರ, ಮಾಂಸ ಎಲ್ಲಾ ಹಳೇ ಕಡೆಗೇ ಎಳೀತಿರುತ್ತೆ. ಮುಂದಕ್ಕೆ ಇಟ್ರೆ ಒಳಕ್ಕೆ ಹೋಗುತ್ತೆ. ಹೊರಕ್ಕೆ ಇಟ್ರೆ, ಬಿಟ್ಟಾಗ ಮುಂದಕ್ಕೆ ಬಂದು ನಿಲ್ಲುತ್ತೆ."

ಮಾವ ಜೋಡನ್ನೇ ನೋಡುತ್ತಿದ್ದರು. "ತೊಗಲೂ ಹಾಗೇ," ಅಂದರು ನಿಧಾನವಾಗಿ. "ಒದ್ದೆ ತೊಗಲನ್ನ ಅಚ್ಚಿನ ಮೇಲೆ ಎಳೆದು ಮೊಳೆ ಹೊಡೆಯುವಾಗ ಬೇಕಾದ್ದಕ್ಕಿಂತ ಒಂದು ಬೆರಳು ಜಾಸ್ತಿ ಎಳೀತೀವಿ. ಒಣಗಿದ ಮೇಲೆ ಹಿಂದಕ್ಕೆ ಹೋಗುತ್ತಲ್ಲ, ಅದಕ್ಕೆ." ಜೋಡಿನ ಕಡೆ ಬೆರಳು ತೋರಿಸಿದರು: "ಹಾಗಾದ್ರೆ ಇದು ಜೋಡಲ್ಲ. ಅಚ್ಚು."

"ಅಚ್ಚು ಅನ್ನಿ, ಏನಾದ್ರೂ ಅನ್ನಿ. ತಿರುಗಿಸ್ಬೇಡಿ."

"ದಿನಾ ಮಾಡೋ ಕೆಲಸ," ಅಂದರು ಮಾವ, ಯಾರಿಗೂ ಅಲ್ಲದೆ. "ದಿನಾ ಮಾಡೋ ಕೆಲಸ, ಹೊಳೀಲಿಲ್ಲ ನೋಡು."

ಮತ್ತೆ ಮೊದಲಿನಿಂದ ಪಟ್ಟಿ ಕಟ್ಟಬೇಕಾಯಿತು. ಕಟ್ಟುತ್ತಲೇ ಪಟ್ಟಿಯಮ್ಮ ಸೊಸೆಗೆ ಹೇಳಬೇಕಾದ್ದನ್ನು ಹೇಳಿದಳು. ಈ ಸೀಮೆಯ ಸರದಿ ಈ ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಂಡ ಇನ್ನೊಂದು ಕಡೆ ಹೋಗುತ್ತದೆ. ಈ ಸಲವೂ ಪಾದ ಹಿಂದಕ್ಕೆ ಹೋದರೆ ಉಳಿಯುವುದು ದೊಡ್ಡ ಆಪರೇಷನ್ನೇ. ಅದು ಜಗಲಿಯ ಮೇಲೆ ಆಗುವಂಥದ್ದಲ್ಲ, ಮಾಡಿಸಿದರೂ ಕಾಲು ಮರಗಟ್ಟಿದ ಹಾಗೇ ಇರುತ್ತದೆ. "ಇನ್ನೊಂದು ಸಲ ನನ್ನ ಕೈಲಿಲ್ಲ," ಅಂದಳು. ಸೊಸೆ ತಲೆಯಾಡಿಸಿದಳು.

ಪಟ್ಟಿಯ ವಾರಗಳು ಕಳೆದವು. ಕೂಸಿಗಾಗಿ ರಜೆ ಮೇಲೆ ರಜೆ ಹಾಕಿದ್ದಕ್ಕೆ ಫಾರಂನವರು ಸೊಸೆಯ ಜಾಗದಲ್ಲಿ ಬೇರೆಯವಳನ್ನು ಕೂರಿಸಿಕೊಂಡರು. ಒಡಕು ಮೊಟ್ಟೆಯ ಪಲ್ಯ ನಿಂತು ಗಂಜಿ ತೆಳುವಾಯಿತು. ಅತ್ತೆ, "ಆವತ್ತು ನೀನು ಗಟ್ಟಿಯಾಗಿ ಬೇಡ ಅಂದಿದ್ರೆ" ಅಂತ ಶುರು ಮಾಡುವುದು, ಸೊಸೆ, "ನೀವು ಕೊಲೆಗಾರರು ಅಂದಿದ್ದು ಯಾರನ್ನ?" ಅಂತ ಕೇಳುವುದು, ಗಂಡ ಇಬ್ಬರನ್ನೂ ಬೈದು ಹೊರಗೆ ಹೋಗುವುದು ನಡೆದೇ ಇತ್ತು. ತಪ್ಪು ಯಾರದೆಂದು ಹಂಚುವ ಕೆಲಸಕ್ಕೆ ಆ ಮನೆಯಲ್ಲಿ ಯಾರೂ ಸೋಮಾರಿಗಳಲ್ಲ. ಅಂಬೆಗಾಲಿಡಬೇಕಾದ ಕೂಸು ಕಲ್ಲಿನಂಥ ಕಾಲನ್ನು ಹಿಂದೆ ಎಳೆದುಕೊಂಡು ತೆವಳಿತು. ಮಾವ ಅಂಗಡಿಯಲ್ಲಿ ತಲೆ ತಗ್ಗಿಸಿ ಹೊಲಿಯುತ್ತಿದ್ದರು. ಕೂಸಿನ ರಟ್ಟು ನೇತುಹಾಕಿದ್ದ ಮೊಳೆ ಖಾಲಿ ಇತ್ತು.

ಕೊನೆಯ ಪಟ್ಟಿ ಬಿಚ್ಚಿದ ಮೇಲೆ ಪಾದ ಮತ್ತೆ ಪಾದದ ಹಾಗಾಯಿತು. ಪಟ್ಟಿಯಮ್ಮ ಕೊಂಚ ದೊಡ್ಡ ಅಳತೆಯ ಹೊಸ ಜೋಡು ಕೊಟ್ಟಳು, ಬಾಗಿಲು ಕಿಟಕಿ ನೋಡುವ ಅದೇ ಜೋಡು. ವ್ಯಾನು ಹೊರಡುವ ಮುಂಚೆ ಸೊಸೆಯ ಕೈ ಒತ್ತಿ ಹೋದಳು.

ಮನೆಗೆ ಬಂದವಳು ಕೂಸನ್ನು ಚಾಪೆಯ ಮೇಲೆ ಕೂರಿಸುತ್ತಿದ್ದ ಹಾಗೆ ಮಾವ ಒಳಗೆ ಬಂದರು. ಕೈಯಲ್ಲಿ ಮರದ ಹಿಡಿಯ ಸ್ಕ್ರೂಡ್ರೈವರು ಇತ್ತು.

"ತಗೋ. ನಿನ್ನ ಹತ್ರ ಇರಲಿ."

"ಇದ್ಯಾಕೆ ಮಾವ? ನಿಮ್ಮ ಕೆಲಸಕ್ಕೆ?"

"ಬೇಕಾದಾಗ ಕೇಳ್ತೀನಿ. ಯಾತಕ್ಕೆ ಅಂತ ವಿಚಾರಿಸಿ ಕೊಡು. ಕೆಲಸ ಆದ ಮೇಲೆ ಇಸ್ಕೋ."

ಅವಳು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಅತ್ತೆಗೆ ನಗು ತಡೆಯಲಿಲ್ಲ: "ಜನ ಬೀರುವಿನ ಬೀಗದಕೈಗೆ ಜಗಳಾಡ್ತಾರೆ, ನಮ್ಮ ಮನೇಲಿ ಇದು." ಮಾವ ನಗಲಿಲ್ಲ. ಅವತ್ತಿನಿಂದ ಗಿರಾಕಿ ಚೀಲ ತಂದಾಗಲೆಲ್ಲ ಅವರು ನಡುಮನೆಯ ಬಾಗಿಲಲ್ಲಿ ನಿಂತು, "ಹಿಡಿ ಕಿತ್ತಿದೆಯಂತೆ, ಕೊಡಮ್ಮಾ" ಅನ್ನುವರು. ಕೆಲಸ ಮುಗಿಸಿ ಅವಳ ಕೈಗೇ ತಂದು ಕೊಡುವರು. ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು.

ಕೂಸು ಅಳುವುದು ಇದ್ದೇ ಇತ್ತು. ಈಗ ಗಂಟಲೂ ದೊಡ್ಡದು, ಕಾಲಿನ ಬಲವೂ ದೊಡ್ಡದು. ಸರಳು ನೆಲಕ್ಕೆ ಬಡಿದರೆ ಪಕ್ಕದ ಮನೆಗೂ ಕೇಳುತ್ತಿತ್ತು. ಮೊದಲ ವಾರ ಹೇಗೋ ಕಳೆಯಿತು. ಎರಡನೆಯ ವಾರದ ಒಂದು ಮಧ್ಯಾಹ್ನ ಅಳು ನಿಲ್ಲಲೇ ಇಲ್ಲ. ಅತ್ತೆ ಎತ್ತಿಕೊಂಡು ತಿರುಗಿದರು, ಸೊಸೆ ಎತ್ತಿಕೊಂಡು ತಿರುಗಿದಳು. ಹಾಲು ಕೊಟ್ಟರೆ ಉಗುಳಿತು. ಬೂಟು ತೆಗೆದು ನೋಡಿದರೆ ಬೊಬ್ಬೆ ಇರಲಿಲ್ಲ, ಕೆಂಪು ಇರಲಿಲ್ಲ, ಬರೀ ಹಟ. ಮತ್ತೆ ತೊಡಿಸಿ ಚಾಪೆಯ ಮೇಲೆ ಬಿಟ್ಟರು. "ಅಜ್ಜಾ" ಅನ್ನುವಂಥದ್ದೊಂದು ಸದ್ದು ಆ ಕೂಸಿಗೆ ಆಗಷ್ಟೇ ಬರತೊಡಗಿತ್ತು. ಅಳುವಿನ ನಡುನಡುವೆ ಅದನ್ನೇ ಕೂಗಿತು.

ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಮಾವ ಬಾಗಿಲಲ್ಲಿ ಬಂದು ನಿಂತರು. ಕೂಸಿನ ಕಡೆ ನೋಡಲಿಲ್ಲ. ಸೊಸೆಯ ಕಡೆ ಕೈ ಚಾಚಿದರು.

"ಅದನ್ನ ಕೊಡು."

"ಯಾತಕ್ಕೆ ಮಾವ?"

"ಗಿರಾಕಿ ಬಂದಿದ್ದಾರೆ."

ಸೊಸೆ ಅವರ ಭುಜದಾಚೆ ನೋಡಿದಳು. ಅಂಗಡಿಯ ಕೋಣೆ ಕಾಣುತ್ತಿತ್ತು, ತೆರೆದ ಬಾಗಿಲು ಕಾಣುತ್ತಿತ್ತು, ಬಾಗಿಲಾಚೆ ಬೀದಿ ಕಾಣುತ್ತಿತ್ತು. ಬೀದಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಅವಳ ಕೈ ಸೆರಗಿನ ಗಂಟಿನ ಮೇಲೆ ಹೋಯಿತು. ಅವಳಿಗೂ ಅಳು ಬರುತ್ತಿತ್ತು. ಈ ಮನುಷ್ಯನಿಗೆ ಇಲ್ಲ ಅನ್ನುವುದು ಅವಳಿಗೆ ಸುಲಭವಿರಲಿಲ್ಲ.

ಅವಳು ಗಂಟು ಬಿಗಿಯಾಗಿ ಹಿಡಿದುಕೊಂಡಳು. ಅತ್ತೆ ಒಲೆಯ ಮುಂದಿನಿಂದ ಇತ್ತಲೇ ನೋಡುತ್ತಿದ್ದರು. ಕೂಸು ಸರಳು ಬಡಿಯುತ್ತಿತ್ತು.

"ಕೊಡ್ಬೇಡ," ಅಂದರು ಮಾವ. ಚಾಚಿದ ಕೈ ಇನ್ನೂ ಹಾಗೇ ಇತ್ತು.